ಬೂಟ್ ಆದರೆ ಸಾಲದು: ಹಳೆಯ ಮದರ್‌ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಓಡಿಸುವವರ ಹಕ್ಕೊತ್ತಾಯ ಪತ್ರ

ಇವರಿಗೆ: ಪ್ರೊಸೆಸರ್ ಕಂಪನಿಗಳು, ಮದರ್‌ಬೋರ್ಡ್ ತಯಾರಕರು, ಅವನ್ನು ಭಾರತಕ್ಕೆ ತರಿಸುವ ಆಮದುದಾರರು ಮತ್ತು ವಿತರಕರು, ಅಂಗಡಿಗಳು ಹಾಗೂ ಆನ್‌ಲೈನ್ ಮಾರಾಟಗಾರರು, ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ.

ಇವರಿಂದ: ಅಸೆಂಬಲ್ಡ್ ಕಂಪ್ಯೂಟರ್ ಬಳಸುವವರು, ಜೋಡಿಸಿಕೊಡುವವರು, ರಿಪೇರಿ ಮಾಡುವವರು.

ವಿಷಯ: ಹೊಸ ಪ್ರೊಸೆಸರ್‌ಗಳಿಗೆ ಹಳೆಯ ಬೋರ್ಡುಗಳು ಎಷ್ಟು ವಿದ್ಯುತ್ ಒದಗಿಸಬಲ್ಲವು ಎಂಬ ಸತ್ಯವನ್ನು ಕೊಳ್ಳುವ ಮೊದಲೇ ತಿಳಿಸಬೇಕೆಂಬ ಬಗ್ಗೆ.

ಪೀಠಿಕೆ

ಅಸೆಂಬಲ್ಡ್ ಕಂಪ್ಯೂಟರ್ ಇಟ್ಟುಕೊಂಡವರು ಎಲ್ಲವನ್ನೂ ಒಂದೇ ಸಲ ಬದಲಿಸುವುದಿಲ್ಲ. ಈ ವರ್ಷ ರ‍್ಯಾಮ್, ಮುಂದಿನ ವರ್ಷ ಎಸ್‌ಎಸ್‌ಡಿ, ಕೈಯಲ್ಲಿ ಒಂದಿಷ್ಟು ಹಣ ಕೂಡಿದಾಗ ಪ್ರೊಸೆಸರ್. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳು, ಡಿಟಿಪಿ ಅಂಗಡಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಡೆಯುತ್ತಿರುವುದು ಈ ದಾರಿಯಲ್ಲೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕು ಪೇಟೆಯ ಸಣ್ಣ ಅಂಗಡಿಯವರೆಗೆ ವ್ಯಾಪಾರ ನಡೆಯುವುದೂ ಹೀಗೆಯೇ.

ಈ ದಾರಿಯನ್ನು ಎಲ್ಲಕ್ಕಿಂತ ಚೆನ್ನಾಗಿ ತೆರೆದುಕೊಟ್ಟದ್ದು ಎಎಂಡಿಯ ಎಎಂ4 ಸಾಕೆಟ್. 2017ರ ಮಾರ್ಚ್‌ನಲ್ಲಿ ರೈಜನ್ ಪ್ರೊಸೆಸರ್‌ಗಳು ಬಂದಾಗ ಈ ಸಾಕೆಟ್ಟಿನ ದೊಡ್ಡ ಪ್ರೊಸೆಸರ್‌ಗೆ ಇದ್ದದ್ದು 8 ಕೋರ್. 2019ರ ನವೆಂಬರ್‌ನಲ್ಲಿ ಅದೇ ಸಾಕೆಟ್ಟಿಗೆ 16 ಕೋರ್‌ಗಳ 3950ಎಕ್ಸ್ ಬಂತು. 2020ರ ಮೇ ತಿಂಗಳಲ್ಲಿ, ಮುಂದೆ ಬರುವ ಪೀಳಿಗೆಯ ಪ್ರೊಸೆಸರ್ 400 ಸರಣಿಯ ಬೋರ್ಡುಗಳಲ್ಲಿ ನಡೆಯದು ಎಂದು ಕಂಪನಿ ಹೇಳಿತು. ಬಳಕೆದಾರರು ಪಟ್ಟು ಹಿಡಿದರು, ಅದೇ ತಿಂಗಳಲ್ಲಿ ಕಂಪನಿ ನಿರ್ಧಾರ ಬದಲಿಸಿತು. 2022ರಲ್ಲಿ ಎ320, ಬಿ350, ಎಕ್ಸ್370 ಬೋರ್ಡುಗಳಿಗೂ ಆ ಹೊಸ ಪೀಳಿಗೆಯ, ಅಂದರೆ ರೈಜನ್ 5000 ಸರಣಿಯ, ಬಾಗಿಲು ತೆರೆಯಿತು. ಐದು ವರ್ಷ ಹಳೆಯ ಬೋರ್ಡಿಗೆ ಹೊಸ ಜೀವ ಬಂತು. ಇದು ಬಳಕೆದಾರರ ಗೆಲುವು, ಇದನ್ನು ನಾವು ಬಿಟ್ಟುಕೊಡುವುದಿಲ್ಲ.

ಆದರೆ ಬದಲಾದದ್ದು ಬಯಾಸ್, ಅಂದರೆ ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ, ಮಾತ್ರ. ಸಾಕೆಟ್ ಪಕ್ಕದಲ್ಲಿ ಕೂತಿರುವ ವಿಆರ್‌ಎಂ, ಅಂದರೆ ವೋಲ್ಟೇಜ್ ನಿಯಂತ್ರಿಸುವ ಸರ್ಕೀಟು, ಬೋರ್ಡು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೇ ಇದೆ. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು 1ರಿಂದ 1.4 ವೋಲ್ಟಿಗೆ ಇಳಿಸುವುದು ಅದರ ಕೆಲಸ. ವೋಲ್ಟೇಜ್ ಇಷ್ಟು ಇಳಿದಾಗ ಆಂಪಿಯರ್ ಏರಲೇಬೇಕು. ಎಎಂ4ನ 65 ವ್ಯಾಟ್ ವರ್ಗದ ಪ್ರೊಸೆಸರ್‌ಗಳಿಗೆ ಸತತ ವಿದ್ಯುತ್ ಪ್ರವಾಹದ ಮಿತಿ 60 ಆಂಪಿಯರ್, 105 ವ್ಯಾಟ್ ವರ್ಗಕ್ಕೆ 95 ಆಂಪಿಯರ್. ತಂತಿ, ತಾಮ್ರದ ಪದರ, ಮಾಸ್‌ಫೆಟ್‌ಗಳ ರೋಧದಿಂದ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಏರುತ್ತದೆ. ಹಾಗಾಗಿ ಪ್ರವಾಹ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆದಾಗ ಈ ಬಿಸಿ ಎರಡೂವರೆ ಪಟ್ಟು ಆಗುತ್ತದೆ.

5 ಎಚ್‌ಪಿ ಮೋಟರಿಗೆಂದು ಎಳೆದ ಕೇಬಲ್ಲಿಗೆ 10 ಎಚ್‌ಪಿ ಮೋಟರ್ ಜೋಡಿಸಿದರೆ ಮೋಟರ್ ತಿರುಗುತ್ತದೆ, ನೀರೂ ಬರುತ್ತದೆ. ಕೇಬಲ್ ಕಾಯುವುದು ಆಮೇಲೆ ಗೊತ್ತಾಗುತ್ತದೆ. ಹಳೆಯ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಆಗುತ್ತಿರುವುದು ಇದೇ. ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸ್ ತೆರೆಯುತ್ತದೆ, ಬ್ರೌಸರ್ ಓಡುತ್ತದೆ. ರೆಂಡರ್ ಹಾಕಿ ಹತ್ತು ನಿಮಿಷ ಕಳೆದ ಮೇಲೆ ವಿಆರ್‌ಎಂ ಕಾದು, ನಿಧಾನವಾಗು ಎಂದು ಪ್ರೊಸೆಸರ್‌ಗೆ ಸಂಕೇತ ಕಳಿಸುತ್ತದೆ. 4 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಚಿಪ್ಪು 1 ಗಿಗಾಹರ್ಟ್ಸ್‌ಗಿಂತಲೂ ಕೆಳಗೆ ಬೀಳಬಹುದು. ಪ್ರೊಸೆಸರ್‌ನ ತಾಪಮಾನ ನೋಡಿದರೆ ಸರಿಯಾಗಿಯೇ ಇರುತ್ತದೆ. ಬಳಕೆದಾರ ಕೂಲರ್ ಬದಲಿಸುತ್ತಾನೆ, ರ‍್ಯಾಮ್ ಬದಲಿಸುತ್ತಾನೆ, ವಿಂಡೋಸ್ ಮತ್ತೆ ಹಾಕುತ್ತಾನೆ, ಕೊನೆಗೆ ಅಂಗಡಿಯವರ ಮೇಲೆ ರೇಗುತ್ತಾನೆ. ತಯಾರಕರ ಪಟ್ಟಿಯಲ್ಲಿ ಮಾತ್ರ ಆ ಪ್ರೊಸೆಸರ್ ಹೆಸರಿನ ಮುಂದೆ ‘ಬೆಂಬಲವಿದೆ’ ಎಂದೇ ಇರುತ್ತದೆ.

ನಮ್ಮ ತಕರಾರು ಈ ಒಂದು ಮಾತಿನ ಬಗ್ಗೆ. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಬೇಡ ಎಂದು ನಾವು ಹೇಳುತ್ತಿಲ್ಲ. ಅಂಥ ನಿಷೇಧದಿಂದ ಏನಾಗುತ್ತದೆಂದು 2017ರಲ್ಲಿ ನೋಡಿದ್ದೇವೆ. ಇಂಟೆಲ್‌ನ 8ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಇದ್ದದ್ದು ಹಿಂದಿನ ಪೀಳಿಗೆಯ ಅದೇ 1151 ಪಿನ್‌ಗಳು. ವಿದ್ಯುತ್ ಕೊಡುವ ಪಿನ್‌ಗಳು 128ರಿಂದ 146ಕ್ಕೆ ಏರಿದವು, 100 ಮತ್ತು 200 ಸರಣಿಯ ಬೋರ್ಡುಗಳು ಹೊರಗುಳಿದವು. ಹವ್ಯಾಸಿಗಳು ಪಿನ್‌ಗಳಿಗೆ ಟೇಪ್ ಅಂಟಿಸಿ, ಬಯಾಸ್ ತಿದ್ದಿ ಆ ಚಿಪ್ಪುಗಳನ್ನು ಹಳೆಯ ಬೋರ್ಡುಗಳಲ್ಲಿ ಓಡಿಸಿಯೇ ತೋರಿಸಿದರು. ಬಾಗಿಲು ಮುಚ್ಚಿದರೆ ಜನ ಸ್ವಂತ ಅಪಾಯದ ಮೇಲೆ ಪ್ರಯೋಗ ಮಾಡುತ್ತಾರೆ. ನಮಗೆ ಬೇಕಾದದ್ದು ತೆರೆದ ಬಾಗಿಲು, ಜೊತೆಗೆ ನಿಜವಾದ ಲೆಕ್ಕ.

ಆದ್ದರಿಂದ ನಾವು ಈ ಕೆಳಗಿನ ಹಕ್ಕೊತ್ತಾಯಗಳನ್ನು ಮುಂದಿಡುತ್ತಿದ್ದೇವೆ.

ಹಕ್ಕೊತ್ತಾಯಗಳು

1. ಬೆಂಬಲ ಪಟ್ಟಿಯಲ್ಲಿ ಮೂರು ದರ್ಜೆ ಇರಲಿ.

ಈಗಿನ ಪಟ್ಟಿಗಳು ಹೇಳುವುದು ಯಾವ ಬಯಾಸ್‌ನಿಂದ ಯಾವ ಪ್ರೊಸೆಸರ್ ನಡೆಯುತ್ತದೆ ಎಂಬುದನ್ನು ಮಾತ್ರ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕು. ಪೂರ್ತಿ ವೇಗದಲ್ಲಿ ಗಂಟೆಗಟ್ಟಲೆ ಓಡುವವು ‘ಪೂರ್ಣ’, ವ್ಯಾಟ್ ಮಿತಿ ಹಾಕಿದರೆ ಓಡುವವು ‘ಮಿತ’, ಆನ್ ಆಗುತ್ತದೆ ಆದರೆ ಭಾರದ ಕೆಲಸಕ್ಕೆ ತಕ್ಕುದಲ್ಲ ಎನ್ನುವವು ‘ಬೂಟ್ ಮಾತ್ರ’. ‘ಮಿತ’ ಎಂದಾದರೆ ಆ ಮಿತಿ ಎಷ್ಟು ವ್ಯಾಟ್ ಎಂದೂ ಬರೆಯಬೇಕು. ಇದು ಎಎಂಡಿ ಬೋರ್ಡುಗಳಿಗಷ್ಟೇ ಸೀಮಿತವಾದ ಬೇಡಿಕೆಯಲ್ಲ. ಎಲ್‌ಜಿಎ 1700 ಸಾಕೆಟ್ಟಿನ ಅಗ್ಗದ ಎಚ್610 ಬೋರ್ಡಿನಲ್ಲಿ ಐ9 ಕೂರುತ್ತದೆ. ಕೂತ ಮೇಲೆ ಎಷ್ಟು ಹೊತ್ತು ಪೂರ್ತಿ ವೇಗದಲ್ಲಿ ಓಡುತ್ತದೆ ಎಂಬುದನ್ನು ಪಟ್ಟಿಯೇ ಹೇಳಬೇಕು.

2. ಬೋರ್ಡಿನ ಸಾಮರ್ಥ್ಯವನ್ನು ಬಾಕ್ಸಿನ ಮೇಲೆ ಅಂಕಿಯಲ್ಲಿ ಮುದ್ರಿಸಿ.

ಬೋರ್ಡು ಸತತವಾಗಿ ಎಷ್ಟು ಆಂಪಿಯರ್, ಎಷ್ಟು ವ್ಯಾಟ್ ಕೊಡಬಲ್ಲದು ಎಂಬ ಎರಡು ಅಂಕಿಗಳು ಸಾಕು. ಇದು ಅಸಾಧ್ಯವಾದ ಬೇಡಿಕೆಯಲ್ಲ. ಎಎಂಡಿಯ ಹಿಂದಿನ ಎಎಂ3 ಮತ್ತು ಎಎಂ3+ ಸಾಕೆಟ್‌ಗಳ ಕಾಲದಲ್ಲಿ 95 ವ್ಯಾಟ್, 125 ವ್ಯಾಟ್, 140 ವ್ಯಾಟ್ ಪ್ರೊಸೆಸರ್‌ವರೆಗೆ ಎಂದು ಹಲವು ಬೋರ್ಡುಗಳ ವಿವರದಲ್ಲೇ ಬರೆದಿರುತ್ತಿತ್ತು. 2013ರಲ್ಲಿ 220 ವ್ಯಾಟ್‌ನ ಎಫ್‌ಎಕ್ಸ್-9590 ಬಂದಾಗ ಅದನ್ನು ಆಯ್ದ ಕೆಲವು ಬೋರ್ಡುಗಳಿಗೆ ಮಾತ್ರ ಸೀಮಿತಗೊಳಿಸಲಾಯಿತು. ಆಗ ಸಾಧ್ಯವಿದ್ದದ್ದು ಈಗಲೂ ಸಾಧ್ಯ.

3. ಪ್ರೊಸೆಸರ್ ನಿಜವಾಗಿ ಎಳೆಯುವ ಗರಿಷ್ಠ ವ್ಯಾಟ್ ಹೇಳಿ.

ಬಾಕ್ಸಿನ ಮೇಲೆ 65 ವ್ಯಾಟ್ ಎಂದಿರುವ ಎಎಂ4 ಪ್ರೊಸೆಸರ್ ಸಾಕೆಟ್ಟಿನಿಂದ 88 ವ್ಯಾಟ್‌ವರೆಗೆ ಎಳೆಯಬಹುದು. 105 ವ್ಯಾಟ್ ಎಂದಿರುವುದು 142 ವ್ಯಾಟ್‌ವರೆಗೆ ಹೋಗುತ್ತದೆ. ಕೊಳ್ಳುವವರಿಗೆ ಕಾಣುವುದು ಚಿಕ್ಕ ಅಂಕಿ, ಬೋರ್ಡು ಹೊರುವುದು ದೊಡ್ಡ ಅಂಕಿ. ಇಂಟೆಲ್ 2021ರಲ್ಲಿ 12ನೇ ಪೀಳಿಗೆಯಿಂದ ಮೂಲ ವ್ಯಾಟ್ ಮತ್ತು ಗರಿಷ್ಠ ಟರ್ಬೊ ವ್ಯಾಟ್ ಎರಡನ್ನೂ ಪ್ರಕಟಿಸತೊಡಗಿತು. ಹಾಗಾಗಿ ಐ9-12900 ಎಂದರೆ 65 ಮತ್ತು 202 ಎಂದು ನಮಗೆ ತಿಳಿಯುತ್ತದೆ. ಆದರೆ ಆ ಎರಡನೆಯ ಅಂಕಿ ಜಾಲತಾಣದ ವಿವರಪುಟದಲ್ಲಿ ಉಳಿಯದೆ, ಅಂಗಡಿಯ ದರಪಟ್ಟಿಯಲ್ಲೂ ಜಾಹೀರಾತಿನಲ್ಲೂ ಮೊದಲನೆಯದರಷ್ಟೇ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಎಲ್ಲ ಕಂಪನಿಗಳೂ ಇದನ್ನು ಪಾಲಿಸಬೇಕು.

4. ಫೇಸ್ ಲೆಕ್ಕದಲ್ಲಿ ಸುಳ್ಳು ಬೇಡ.

ವಿಆರ್‌ಎಂ ತನ್ನ ಹೊರೆಯನ್ನು ಹಲವು ಫೇಸ್‌ಗಳಿಗೆ, ಅಂದರೆ ಸರದಿಯಂತೆ ಕೆಲಸ ಮಾಡುವ ಘಟಕಗಳಿಗೆ, ಹಂಚುತ್ತದೆ. 95 ಆಂಪಿಯರ್ 4 ಫೇಸ್‌ಗಳಿಗೆ ಹಂಚಿಕೆಯಾದರೆ ಪ್ರತಿಯೊಂದರ ಪಾಲಿಗೆ ಸುಮಾರು 24, 8ಕ್ಕೆ ಹಂಚಿದರೆ ಸುಮಾರು 12. ಆದ್ದರಿಂದಲೇ ಜಾಹೀರಾತಿನಲ್ಲಿ ಫೇಸ್ ಸಂಖ್ಯೆಗೆ ಇಷ್ಟು ಬೆಲೆ. ಕೋರ್‌ಗಳಿಗೆ 4, ಚಿಪ್ಪಿನ ಉಳಿದ ಭಾಗಗಳಿಗೆ 2 ಇದ್ದರೆ ಅದು ‘6 ಫೇಸ್’ ಅಲ್ಲ. ಒಂದೇ ಸಂಕೇತದಿಂದ ಎರಡು ಚೋಕ್ (ಸುರುಳಿ) ಓಡಿಸಿ ಅವನ್ನು ಎರಡು ಫೇಸ್ ಎಂದು ಎಣಿಸುವುದೂ ಸರಿಯಲ್ಲ. ಕೋರ್‌ಗಳಿಗೆ ಎಷ್ಟು, ಉಳಿದದ್ದಕ್ಕೆ ಎಷ್ಟು, ಒಂದು ಸಂಕೇತವನ್ನು ಎರಡಾಗಿಸುವ ಡಬ್ಲರ್ ಇದೆಯೇ, ಜೋಡಿ ಭಾಗಗಳಿವೆಯೇ ಎಂದು ಬಿಡಿಸಿ ಬರೆಯಿರಿ.

5. ವಿಆರ್‌ಎಂ ಬಿಡಿಭಾಗಗಳ ಹೆಸರು ಪ್ರಕಟಿಸಿ, ಬದಲಿಸಿದರೆ ಬೋರ್ಡಿನ ಹೆಸರನ್ನೂ ಬದಲಿಸಿ.

ಕಂಟ್ರೋಲರ್ ಯಾವುದು, ಮಾಸ್‌ಫೆಟ್ ಬಿಡಿಬಿಡಿಯೋ ಒಂದೇ ಚಿಪ್ಪಿನಲ್ಲಿ ಡ್ರೈವರ್ ಸೇರಿರುವ ಪವರ್ ಸ್ಟೇಜೋ, ಅದರ ರೇಟಿಂಗ್ ಎಷ್ಟು ಎಂಬ ವಿವರ ಬೋರ್ಡಿನ ಪುಟದಲ್ಲಿರಬೇಕು. 25 ಡಿಗ್ರಿಯಲ್ಲಿ ಅಳೆದ ರೇಟಿಂಗ್ ನಮಗೆ ಉಪಯೋಗವಿಲ್ಲ, 100 ಡಿಗ್ರಿಯಲ್ಲಿ ಎಷ್ಟು ಎಂದು ಹೇಳಿ. ಮೊದಲ ಆವೃತ್ತಿಯನ್ನು ವಿಮರ್ಶಕರಿಗೆ ಕೊಟ್ಟು ಹೊಗಳಿಸಿಕೊಂಡು, ನಂತರ ಅದೇ ಹೆಸರಿನಲ್ಲಿ ಅಗ್ಗದ ಭಾಗ ಹಾಕಿ ಮಾರುವುದು ನಿಲ್ಲಬೇಕು. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಆವೃತ್ತಿ ಸಂಖ್ಯೆ ಅಚ್ಚಾಗಿದ್ದರೆ ಸಾಲದು. ಬಾಕ್ಸ್ ತೆರೆಯುವ ಮೊದಲೇ ಅದು ಕಾಣಬೇಕು.

6. ನಮ್ಮ ಬೇಸಿಗೆಯಲ್ಲಿ ಪರೀಕ್ಷಿಸಿ.

ಏ.ಸಿ. ಹಾಕಿದ ಪ್ರಯೋಗಾಲಯದಲ್ಲಿ ಪಾಸಾದ ಬೋರ್ಡು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳಲ್ಲಿ ಪಾಸಾಗಬೇಕೆಂದಿಲ್ಲ. ಅಲ್ಲಿ ಹೊರಗಿನ ತಾಪಮಾನ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕ್ಯಾಬಿನೆಟ್‌ನೊಳಗೆ ಇನ್ನೂ ಹೆಚ್ಚು. ಭಾರತದಲ್ಲಿ ಮಾರುವ ಬೋರ್ಡನ್ನು 40 ಡಿಗ್ರಿ ಕೋಣೆಯಲ್ಲಿ, ಮುಚ್ಚಿದ ಕ್ಯಾಬಿನೆಟ್‌ನಲ್ಲಿ, ಕನಿಷ್ಠ ಒಂದು ಗಂಟೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸಬೇಕು. ಕೂಲರ್ ವಿಷಯದಲ್ಲೂ ಎಚ್ಚರ ಬೇಕು. ಪ್ರೊಸೆಸರ್ ಜೊತೆ ಬರುವ ಸಾಮಾನ್ಯ ಕೂಲರ್ ಕೆಳಮುಖವಾಗಿ ಬೀಸುವುದರಿಂದ ವಿಆರ್‌ಎಂಗೂ ಗಾಳಿ ಸಿಗುತ್ತದೆ. ಟವರ್ ಕೂಲರ್ ಅಥವಾ ಲಿಕ್ವಿಡ್ ಕೂಲರ್ ಹಾಕಿದಾಗ ಆ ಗಾಳಿ ತಪ್ಪುತ್ತದೆ. ಎರಡೂ ಬಗೆಯಲ್ಲಿ ಅಳೆದ ವಿಆರ್‌ಎಂ ತಾಪಮಾನವನ್ನು ಪ್ರಕಟಿಸಿ.

ಮಾಸ್‌ಫೆಟ್ 150 ಡಿಗ್ರಿ ತಾಳುತ್ತದೆ ಎಂಬ ಉತ್ತರ ನಮಗೆ ಸಾಕಾಗುವುದಿಲ್ಲ. ಅದರ ಪಕ್ಕದಲ್ಲಿರುವ ಕೆಪಾಸಿಟರ್‌ಗಳ ರೇಟಿಂಗ್ ಸಾಮಾನ್ಯವಾಗಿ 105 ಡಿಗ್ರಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ವಿಷಯದಲ್ಲಿ ತಾಪಮಾನ 10 ಡಿಗ್ರಿ ಏರಿದಂತೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರೆಲ್ಲ ಒಪ್ಪುವ ಲೆಕ್ಕ.

7. ವಿಆರ್‌ಎಂ ತಾಪಮಾನ ಬಳಕೆದಾರರ ಕಣ್ಣಿಗೆ ಬೀಳಲಿ.

ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ ವಿಆರ್‌ಎಂ ಸೆನ್ಸರ್ ಇರುವುದಿಲ್ಲ, ಇದ್ದರೂ ತಂತ್ರಾಂಶಕ್ಕೆ ಓದಲು ಸಿಗುವುದಿಲ್ಲ. ಎಲ್ಲ ಬೋರ್ಡುಗಳಲ್ಲೂ ಅದು ಇರಬೇಕು, ಬಯಾಸ್‌ನಲ್ಲೂ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಕಾಣಬೇಕು. ವಿಆರ್‌ಎಂ ಕಾರಣದಿಂದ ಪ್ರೊಸೆಸರ್ ನಿಧಾನವಾದರೆ ‘ಕಾರಣ: ವಿಆರ್‌ಎಂ ಬಿಸಿ’ ಎಂದು ದಾಖಲಾಗಬೇಕು. ರಿಪೇರಿ ಮಾಡುವವರ ಅರ್ಧ ದಿನದ ಹುಡುಕಾಟ ಈ ಒಂದು ಸಾಲಿನಿಂದ ಉಳಿಯುತ್ತದೆ.

8. ವ್ಯಾಟ್ ಮಿತಿ ಇಳಿಸುವ ಅಧಿಕಾರ ಪ್ರತಿ ಬೋರ್ಡಿನಲ್ಲೂ ಇರಲಿ.

105 ವ್ಯಾಟ್ ಪ್ರೊಸೆಸರ್‌ಗೆ 88 ವ್ಯಾಟ್ ಮಿತಿ ಹಾಕಿದರೆ ವೇಗ ಸ್ವಲ್ಪ ತಗ್ಗುತ್ತದೆ, ವಿಆರ್‌ಎಂ ಮೇಲಿನ ಹೊರೆ ಬಹಳ ತಗ್ಗುತ್ತದೆ. ಹಳೆಯ ಬೋರ್ಡಿಗೆ ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಉಪಾಯ ಇನ್ನೊಂದಿಲ್ಲ. ಆದರೆ ಇದರ ಅಗತ್ಯ ಹೆಚ್ಚಿರುವ ಅಗ್ಗದ ಬೋರ್ಡುಗಳಲ್ಲೇ ಈ ಆಯ್ಕೆಯನ್ನು ಹಲವು ಸಲ ಅಡಗಿಸಿಡಲಾಗುತ್ತದೆ. ಓವರ್‌ಕ್ಲಾಕಿಂಗ್ ಕೊಡುವುದು ಬಿಡುವುದು ನಿಮ್ಮ ವ್ಯಾಪಾರದ ತೀರ್ಮಾನ ಇರಬಹುದು. ಹೊರೆ ಇಳಿಸುವುದು ಸುರಕ್ಷತೆಯ ವಿಷಯ, ಅದಕ್ಕೆ ಬೀಗ ಹಾಕಬೇಡಿ. ಬಯಾಸ್‌ನ ಮೊದಲ ಪುಟದಲ್ಲೇ 65 ವ್ಯಾಟ್, 88 ವ್ಯಾಟ್ ಎಂಬ ಸರಳ ಆಯ್ಕೆ ಕೊಡಿ.

9. ಡೀಫಾಲ್ಟ್ ಎಂದರೆ ಪ್ರೊಸೆಸರ್ ಕಂಪನಿ ಹೇಳಿದ ಮಿತಿ, ವರದಿ ಎಂದರೆ ನಿಜವಾದ ಅಳತೆ.

ಬೆಂಚ್‌ಮಾರ್ಕ್‌ನಲ್ಲಿ ಒಂದು ಹೆಜ್ಜೆ ಮುಂದಿರಲು ಕೆಲವು ಬೋರ್ಡುಗಳು ಬಳಕೆದಾರರಿಗೆ ಹೇಳದೆಯೇ ಮಿತಿ ಸಡಿಲಿಸುತ್ತವೆ. ಇನ್ನು ಕೆಲವು, ಪ್ರೊಸೆಸರ್ ಎಳೆಯುತ್ತಿರುವ ವಿದ್ಯುತ್ತನ್ನು ಅದಕ್ಕೇ ಕಡಿಮೆ ಮಾಡಿ ವರದಿ ಮಾಡುತ್ತವೆ. ಮಿತಿಯೊಳಗಿದ್ದೇನೆ ಎಂದು ನಂಬಿ ಪ್ರೊಸೆಸರ್ ಇನ್ನಷ್ಟು ಎಳೆಯುತ್ತದೆ. 2020ರ ಜೂನ್‌ನಲ್ಲಿ ಈ ಚಾಳಿ ಬೆಳಕಿಗೆ ಬಂದು, ವ್ಯತ್ಯಾಸವನ್ನು ಶೇಕಡಾವಾರು ತೋರಿಸುವ ಅಳತೆಯನ್ನು ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಸೇರಿಸಿತು. 2023ರಲ್ಲಿ ಎಎಂಡಿಯ ಮುಂದಿನ ಎಎಂ5 ಸಾಕೆಟ್ಟಿನ ಬೋರ್ಡುಗಳಲ್ಲಿ ಪ್ರೊಸೆಸರ್‌ಗಳು ಸುಟ್ಟ ಘಟನೆಗಳ ನಂತರ ಎಸ್‌ಒಸಿ ವೋಲ್ಟೇಜಿಗೆ 1.3 ವೋಲ್ಟಿನ ಮಿತಿ ಬಂತು. 2024ರಲ್ಲಿ ಇಂಟೆಲ್ ತನ್ನ ಡೀಫಾಲ್ಟ್ ಸೆಟ್ಟಿಂಗ್ ಬಳಸುವಂತೆ ಬೋರ್ಡ್ ತಯಾರಕರಿಗೆ ಹೇಳಬೇಕಾಯಿತು. ಪ್ರತಿ ಸಲ ಹಾನಿಯಾದ ಮೇಲೆ ಮಿತಿ ಬರುತ್ತಿದೆ. ಅದು ಮೊದಲ ದಿನದಿಂದಲೇ ಇರಬೇಕು.

10. ಬಯಾಸ್ ಬಿಡುಗಡೆಯ ಜೊತೆ ವಿದ್ಯುತ್ ಪರೀಕ್ಷೆಯ ಫಲಿತಾಂಶವೂ ಬರಲಿ.

ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಸೇರಿಸುವ ಪ್ರತಿ ಬಯಾಸ್‌ನ ಟಿಪ್ಪಣಿಯಲ್ಲಿ, ಆ ಪ್ರೊಸೆಸರ್ ಆ ಬೋರ್ಡಿನಲ್ಲಿ ಪೂರ್ತಿ ಹೊರೆಯಲ್ಲಿ ಹೇಗೆ ಓಡಿತು ಎಂಬ ಮಾಹಿತಿ ಇರಬೇಕು. ಪರೀಕ್ಷಿಸದೆ ಪಟ್ಟಿಗೆ ಸೇರಿಸಬೇಡಿ. ಹೊಸ ಬಯಾಸ್‌ನಿಂದ ಯಾವ ಹಳೆಯ ಪ್ರೊಸೆಸರ್‌ಗಳ ಬೆಂಬಲ ಹೋಗುತ್ತದೆ, ಹಿಂದಿನ ಬಯಾಸ್‌ಗೆ ಮರಳಲು ಸಾಧ್ಯವೇ ಎಂಬುದನ್ನೂ ಡೌನ್‌ಲೋಡ್ ಬಟನ್ ಪಕ್ಕದಲ್ಲೇ ಬರೆಯಿರಿ.

11. ಪಟ್ಟಿಯಲ್ಲಿರುವ ಪ್ರೊಸೆಸರ್ ಹಾಕಿ ಬೋರ್ಡು ಸುಟ್ಟರೆ ವಾರಂಟಿ ನಿರಾಕರಿಸಬೇಡಿ.

ಸರ್ವಿಸ್ ಸೆಂಟರ್‌ಗಳಲ್ಲಿ ‘ಸುಟ್ಟ ಗುರುತಿದೆ, ವಾರಂಟಿ ಇಲ್ಲ’ ಎಂಬ ಉತ್ತರವನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಪ್ರೊಸೆಸರ್ ನಿಮ್ಮ ಪಟ್ಟಿಯಲ್ಲಿದ್ದರೆ, ಮಿತಿಗಳನ್ನು ಬಳಕೆದಾರ ಏರಿಸಿರದಿದ್ದರೆ, ವಿಆರ್‌ಎಂ ಸುಟ್ಟದ್ದು ಬೋರ್ಡಿನ ದೋಷ. ಹೊಣೆ ನಿಮ್ಮದು. 13 ಮತ್ತು 14ನೇ ಪೀಳಿಗೆಯ ಅಸ್ಥಿರತೆ ಸಾಬೀತಾದಾಗ ಇಂಟೆಲ್ 2024ರಲ್ಲಿ ಆ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ದೋಷ ಒಪ್ಪಿ ವಾರಂಟಿ ಬೆಳೆಸುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

12. ವಿಆರ್‌ಎಂ ಹೀಟ್‌ಸಿಂಕ್ ಮತ್ತು ರಿಪೇರಿ ಮಾಹಿತಿ ಸಿಗಲಿ.

ಎಷ್ಟೋ ಎ320 ಬೋರ್ಡುಗಳಲ್ಲಿ ಮಾಸ್‌ಫೆಟ್‌ಗಳು ಬರಿಮೈಯಲ್ಲಿವೆ. ಕೆಲವುಗಳಲ್ಲಿ ಹೀಟ್‌ಸಿಂಕ್ ಕೂರಿಸುವ ತೂತುಗಳಿವೆ, ಹೀಟ್‌ಸಿಂಕ್ ಮಾತ್ರ ಇಲ್ಲ. ಅಳತೆಗೆ ಹೊಂದುವ ಹೀಟ್‌ಸಿಂಕನ್ನು ಥರ್ಮಲ್ ಪ್ಯಾಡ್ ಸಮೇತ ಬಿಡಿಯಾಗಿ ಮಾರಿ. ವಾರಂಟಿ ಮುಗಿದ ಬೋರ್ಡುಗಳ ಸರ್ಕೀಟ್ ನಕ್ಷೆಯನ್ನು ರಿಪೇರಿ ಮಾಡುವವರಿಗೆ ಕೊಡಿ. ಒಂದು ಮಾಸ್‌ಫೆಟ್ ಸುಟ್ಟಿತೆಂದು ಇಡೀ ಬೋರ್ಡು ಇ-ತ್ಯಾಜ್ಯದ ರಾಶಿಗೆ ಹೋಗಬಾರದು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರಿಪೇರಿ ಹಕ್ಕಿನ ಪೋರ್ಟಲ್‌ನಲ್ಲಿ ಮದರ್‌ಬೋರ್ಡ್ ತಯಾರಕರೂ ಈ ಮಾಹಿತಿಯೊಂದಿಗೆ ಸೇರಬೇಕು.

13. ಮಾರುವವರು ಹೊಂದಾಣಿಕೆಯನ್ನು ಬಿಲ್ಲಿನಲ್ಲಿ ಬರೆಯಲಿ.

ಬೋರ್ಡು ಮತ್ತು ಪ್ರೊಸೆಸರ್ ಜೋಡಿಯಾಗಿ ಮಾರುವಾಗ, ಅಥವಾ ಗಿರಾಕಿ ತನ್ನ ಹಳೆಯ ಬೋರ್ಡಿನ ಹೆಸರು ಹೇಳಿ ಪ್ರೊಸೆಸರ್ ಕೇಳಿದಾಗ, ಯಾವ ದರ್ಜೆಯ ಬೆಂಬಲ, ಎಷ್ಟು ವ್ಯಾಟ್ ಮಿತಿ ಎಂಬುದು ಬಿಲ್ಲಿನಲ್ಲಿರಬೇಕು. ಆನ್‌ಲೈನ್ ತಾಣಗಳ ‘ಹೊಂದುತ್ತದೆ’ ಎಂಬ ಹಸಿರು ಗುರುತು ಸಾಕೆಟ್ ಒಂದನ್ನೇ ನೋಡದೆ ವ್ಯಾಟ್‌ಗಳನ್ನೂ ನೋಡಬೇಕು. ಅಂಗಡಿಯವರಿಗೆ ಈ ಮಾಹಿತಿ ತಲುಪಿಸುವ ಹೊಣೆ ವಿತರಕರದ್ದು. ತಯಾರಕರು ಹೇಳದ್ದಕ್ಕೆ ಸಣ್ಣ ಅಂಗಡಿಯವರು ಬೈಸಿಕೊಳ್ಳುವುದು ನ್ಯಾಯವಲ್ಲ.

14. ಸರ್ಕಾರ ಇದನ್ನು ಗ್ರಾಹಕರ ಹಕ್ಕಿನ ವಿಷಯವಾಗಿ ನೋಡಲಿ.

ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಬೆಲೆಯ ಬಗ್ಗೆ ತಿಳಿಯುವುದು ಗ್ರಾಹಕರ ಹಕ್ಕು ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಹೇಳುತ್ತದೆ. ಬೋರ್ಡು ಎಷ್ಟು ವಿದ್ಯುತ್ ಕೊಡಬಲ್ಲದು ಎಂಬುದು ಅದರ ಸಾಮರ್ಥ್ಯವೇ. ಮೇಲಿನ 1ರಿಂದ 4ರವರೆಗಿನ ಮಾಹಿತಿಯನ್ನು ಕಡ್ಡಾಯಗೊಳಿಸಿ, ಫೇಸ್ ಸಂಖ್ಯೆಯನ್ನು ಉಬ್ಬಿಸಿ ಹೇಳುವ ಜಾಹೀರಾತುಗಳನ್ನು ದಾರಿ ತಪ್ಪಿಸುವ ಜಾಹೀರಾತೆಂದು ಪರಿಗಣಿಸಿ.

ನಮ್ಮ ಹೊಣೆ

ಹಕ್ಕು ಕೇಳುವ ನಾವು ನಮ್ಮ ಪಾಲಿನ ಕೆಲಸವನ್ನೂ ಮಾಡುತ್ತೇವೆ.

ಅ. ಪ್ರೊಸೆಸರ್ ಕೊಳ್ಳುವ ಮೊದಲು ಬೋರ್ಡಿನ ಪೂರ್ತಿ ಹೆಸರು ಮತ್ತು ಆವೃತ್ತಿ ನೋಡುತ್ತೇವೆ. 4 ಫೇಸ್‌ನ, ಹೀಟ್‌ಸಿಂಕ್ ಇಲ್ಲದ ಬೋರ್ಡಿಗೆ 65 ವ್ಯಾಟ್ ವರ್ಗದ ಪ್ರೊಸೆಸರ್ ಆಯ್ದುಕೊಳ್ಳುತ್ತೇವೆ.

ಆ. ದೊಡ್ಡ ಪ್ರೊಸೆಸರ್ ಹಾಕಲೇಬೇಕಾದರೆ ಮೊದಲು ವ್ಯಾಟ್ ಮಿತಿ ಇಳಿಸಿ, ಆಮೇಲೆ ಕೆಲಸಕ್ಕೆ ಕೂರುತ್ತೇವೆ.

ಇ. ಕ್ಯಾಬಿನೆಟ್‌ನ ಹಿಂಬದಿಯಲ್ಲಿ ಗಾಳಿ ಹೊರಹಾಕುವ ಫ್ಯಾನ್ ಇರುವಂತೆ, ವಿಆರ್‌ಎಂ ಮೇಲೆ ಗಾಳಿ ಹರಿಯುವಂತೆ, ಧೂಳು ಕೂರದಂತೆ ನೋಡಿಕೊಳ್ಳುತ್ತೇವೆ.

ಈ. ಪ್ರೊಸೆಸರ್ ಪಕ್ಕದ 12 ವೋಲ್ಟ್ ಸಾಕೆಟ್ 8 ಪಿನ್‌ನದಾಗಿದ್ದರೆ ಎಂಟನ್ನೂ ಜೋಡಿಸುತ್ತೇವೆ. 4 ಪಿನ್‌ನಲ್ಲಿ 12 ವೋಲ್ಟಿನ ತಂತಿಗಳು ಎರಡೇ, 8 ಪಿನ್‌ನಲ್ಲಿ ನಾಲ್ಕು.

ಉ. ನಾವು ಅಳೆದ ತಾಪಮಾನ, ವೇಗ, ಮಿತಿಗಳನ್ನು ಬೋರ್ಡಿನ ಆವೃತ್ತಿ ಸಮೇತ ಇತರರಿಗೆ ತಿಳಿಸುತ್ತೇವೆ.

ಸಮಾರೋಪ

ಈ 14ರಲ್ಲಿ ಮೊದಲನೆಯದು, ಎಂಟನೆಯದು ಮತ್ತು ಹನ್ನೊಂದನೆಯದು ತುರ್ತಿನವು. ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಲು, ಬಯಾಸ್‌ನಲ್ಲಿ ಒಂದು ಆಯ್ಕೆ ತೆರೆಯಲು, ವಾರಂಟಿ ನಿಯಮದಲ್ಲಿ ಒಂದು ಸಾಲು ತಿದ್ದಲು ಹೊಸ ಕಾರ್ಖಾನೆ ಬೇಕಿಲ್ಲ. ಈ ಮೂರನ್ನು ಆರು ತಿಂಗಳೊಳಗೆ ಜಾರಿಗೆ ತರಬೇಕೆಂದು ಒತ್ತಾಯಿಸುತ್ತೇವೆ.

ಒಂದೇ ಸಾಕೆಟ್ಟನ್ನು ವರ್ಷಗಟ್ಟಲೆ ಉಳಿಸಿದ ಕಂಪನಿಗಳಿಗೆ ನಾವು ಕೃತಜ್ಞರು. ಆ ಒಳ್ಳೆಯ ಕೆಲಸದ ಬೆಲೆಯನ್ನು ಗೊತ್ತಿಲ್ಲದೆ ಕೊಂಡವರು ತೆರುವಂತಾಗಬಾರದು. ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಸಲ ಪ್ರೊಸೆಸರ್ ಕೊಳ್ಳಲು ಹೋದಾಗ ‘ಈ ಬೋರ್ಡಿಗೆ ಕೂರುತ್ತದೆಯೇ’ ಎಂದು ಕೇಳಿ ಸುಮ್ಮನಾಗಬೇಡಿ. ‘ಪೂರ್ತಿ ಹೊರೆಯಲ್ಲಿ ಈ ಬೋರ್ಡು ಎಷ್ಟು ವ್ಯಾಟ್ ಕೊಡುತ್ತದೆ’ ಎಂದೂ ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.